ಹದಿನೈದು ತಿಂಗಳ ವರ್ಷ

(ಮೈಸೂರಿನ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ ಆದೇಶಗಳನ್ನು ಇಲ್ಲಿ ಮಾತಿನಲ್ಲಿಯೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ನಮ್ಮ ಮೈಸೂರಿನ ಸರ್ವರಿನಲ್ಲಿ 1958 ಎಂಬ ಫೋಲ್ಡರನ್ನು ತೆರೆದೆ. ಅದರೊಳಗೆ ಹದಿನೈದು ತಿಂಗಳುಗಳಿದ್ದವು. ಮೇ ಎರಡು, ಜುಲೈ ಎರಡು, ಅಕ್ಟೋಬರ್ ಎರಡು. ಉಳಿದ ಒಂಬತ್ತು ತಿಂಗಳು ಒಂದೊಂದೇ. 1959ನ್ನು ತೆರೆದೆ, ಅಲ್ಲಿಯೂ ಹದಿನೈದು, ಅದೇ ಮೂರು ತಿಂಗಳು ಜೋಡಿ. ಅಧಿಕ ಮಾಸ ಕೇಳಿದ್ದೆ. ಒಂದೇ ವರ್ಷದಲ್ಲಿ ಮೂರು ಅಧಿಕ ಮಾಸ, ಅದೂ ಪ್ರತಿ ವರ್ಷ, ಯಾವ ಪಂಚಾಂಗದಲ್ಲೂ ಇಲ್ಲ. ಯಾಕೆ ಹೀಗಾಯಿತು ಎಂಬುದನ್ನು ಕೊನೆಯವರೆಗೂ ಬಚ್ಚಿಡುವುದಿಲ್ಲ, ಆದರೆ ಅಲ್ಲಿಗೆ ಬರಲು ಸ್ವಲ್ಪ ಸುತ್ತಬೇಕು.

ನಾವು ಏಳೆಂಟು ಜನ ಸೇರಿ ಹಳೆಯ ಕನ್ನಡ ನಿಯತಕಾಲಿಕಗಳನ್ನು ಸ್ಕ್ಯಾನ್ ಮಾಡುತ್ತೇವೆ. ಸ್ಕ್ಯಾನರ್ ಧಾರವಾಡದಲ್ಲಿದೆ, ಪುಟಗಳನ್ನು ಓದಿ ಪಠ್ಯವಾಗಿ ತಿದ್ದುವವರು ಮೈಸೂರಿನಲ್ಲಿದ್ದಾರೆ. ಎರಡೂ ಊರಿನಲ್ಲಿ ಒಂದೊಂದು ಲಿನಕ್ಸ್ ಯಂತ್ರ, ಅಂದರೆ ವಿಂಡೋಸಿನ ಬದಲು ಲಿನಕ್ಸ್ ಎಂಬ ವ್ಯವಸ್ಥೆ ಓಡುವ ಕಂಪ್ಯೂಟರ್. ಧಾರವಾಡದಲ್ಲಿ ಸ್ಕ್ಯಾನ್ ಆದದ್ದು ಮೈಸೂರಿಗೆ ಬರಬೇಕು, ಮೈಸೂರಿನಲ್ಲಿ ತಿದ್ದಿದ ಪಠ್ಯ ಧಾರವಾಡಕ್ಕೆ ಹೋಗಬೇಕು. ಇಷ್ಟೇ. ಕೇಳುವುದಕ್ಕೆ ಟಪಾಲು ರವಾನೆಯಷ್ಟು ಸರಳ.

ಎ4 ಅಳತೆಯ ಒಂದು ಪುಟವನ್ನು ಇಂಚಿಗೆ 300 ಚುಕ್ಕೆಯಂತೆ ಬಣ್ಣದಲ್ಲಿ, ಕುಗ್ಗಿಸದೆ ಉಳಿಸಿದರೆ ಸುಮಾರು 26 ಎಂಬಿ ಆಗುತ್ತದೆ. ಇದು ಊಹೆಯಲ್ಲ, ಗುಣಾಕಾರ: 2480 ಅಡ್ಡ, 3508 ಉದ್ದ, ಚುಕ್ಕೆಯೊಂದಕ್ಕೆ ಮೂರು ಬೈಟ್. ಮುನ್ನೂರು ಪುಟದ ಒಂದು ಸಂಪುಟ ಎಂದರೆ ಏಳೂಮುಕ್ಕಾಲು ಜಿಬಿ. ನಮ್ಮ ಧಾರವಾಡದ ಸಂಪರ್ಕ ಹೊರಕ್ಕೆ ಕಳಿಸುವ ವೇಗ 10 ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಒಂದೂಕಾಲು ಎಂಬಿ. ಒಂದು ಸಂಪುಟಕ್ಕೆ ಒಂದೂಮುಕ್ಕಾಲು ಗಂಟೆ. ಹಾಗಾಗಿ ಕಳಿಸಿದ್ದನ್ನೇ ಮತ್ತೆ ಕಳಿಸುವ ಐಷಾರಾಮ ನಮಗಿರಲಿಲ್ಲ.

ಮೊದಲ ತೊಡಕು ಫೈಲುಗಳದ್ದಲ್ಲ, ವಿಳಾಸದ್ದು. ನಿಮ್ಮ ಮನೆಯ ಇಂಟರ್ನೆಟ್ ಸಂಪರ್ಕಕ್ಕೆ ಒಂದು ಐಪಿ ವಿಳಾಸ ಇದೆ ಎಂದು ನೀವು ನಂಬಿರಬಹುದು. ಹಲವು ಬಾರಿ ಅದು ನಿಮ್ಮೊಬ್ಬರದೇ ಆಗಿರುವುದಿಲ್ಲ. ದೊಡ್ಡ ಕಚೇರಿಯ ಎಕ್ಸ್‌ಟೆನ್ಶನ್ ಫೋನನ್ನು ನೆನಪಿಸಿಕೊಳ್ಳಿ: ಒಳಗಿನವರು ಹೊರಗೆ ಯಾರಿಗೆ ಬೇಕಾದರೂ ಕರೆ ಮಾಡಬಹುದು, ಹೊರಗಿನವರಿಗೆ ಕಾಣುವುದು ಒಂದೇ ನಂಬರು. ಸಂಪರ್ಕ ಕೊಡುವ ಕಂಪನಿಗಳೂ ಇದನ್ನೇ ಮಾಡುತ್ತವೆ. ವಿಳಾಸಗಳು ಸಾಲದೆ ಹೋದದ್ದರಿಂದ ಈ ಕೆಲಸಕ್ಕೆಂದೇ 2012ರಲ್ಲಿ 100.64ರಿಂದ ಶುರುವಾಗುವ ಒಂದು ವಿಳಾಸ ಗುಚ್ಛವನ್ನು ಮೀಸಲಿಟ್ಟರು. ನಿಮ್ಮ ರೌಟರಿನ ಹೊರಮುಖದ ವಿಳಾಸ 100.64ರಿಂದ 100.127ರ ಒಳಗೆ ಇದ್ದರೆ ನೀವು ಎಕ್ಸ್‌ಟೆನ್ಶನ್ ಫೋನಿನವರು. ನಮ್ಮ ಎರಡೂ ಊರಿನ ಯಂತ್ರಗಳು ಹಾಗೆಯೇ ಇದ್ದವು. ಇಬ್ಬರೂ ಕರೆ ಮಾಡಬಲ್ಲವರು, ಇಬ್ಬರೂ ಕರೆ ಸ್ವೀಕರಿಸಲಾರದವರು. ಅವರಿಬ್ಬರು ಮಾತಾಡಬೇಕಾದರೆ ಇಬ್ಬರೂ ಕರೆ ಮಾಡಬಹುದಾದ ಮೂರನೆಯವನೊಬ್ಬ ಬೇಕು.

ಆ ಮೂರನೆಯವನೇ ಇಂದಿನ ಮಾತಿನ ವಿಷಯ. ಬಾಡಿಗೆಗೆ ಕೊಡುವವರ ಬಿಲ್ಲಿನಲ್ಲಿ ಅದಕ್ಕೆ ಕಂಪ್ಯೂಟ್ ನೋಡ್ ಎಂಬ ಭಾರಿ ಹೆಸರಿರುತ್ತದೆ. ನಾವು ಅದನ್ನು ನಡುವಿನ ಯಂತ್ರ ಎನ್ನುತ್ತೇವೆ. ನಮ್ಮದು ಮುಂಬೈಯ ಒಂದು ಡೇಟಾ ಸೆಂಟರಿನಲ್ಲಿದೆ. ಒಂದು ಪ್ರೊಸೆಸರ್, ಒಂದು ಜಿಬಿ ಮೆಮೊರಿ. ಸಿಗುವುದರಲ್ಲಿ ಅತಿ ಚಿಕ್ಕದು. ಅಮೆರಿಕದಲ್ಲಿ ಇನ್ನೂ ಅಗ್ಗಕ್ಕೆ ಸಿಗುತ್ತಿತ್ತು, ಆದರೆ ಧಾರವಾಡದ ಪುಟ ಮೈಸೂರಿಗೆ ಬರಲು ಎರಡು ಸಾಗರ ದಾಟಿ ಹೋಗಿ ಬರುವುದು ನನಗೆ ಸರಿ ಕಾಣಲಿಲ್ಲ.

ಈಗ ನಾನು ಮಾಡಿದ ಮೊದಲ ತಪ್ಪು. ನಡುವೆ ಒಂದು ಯಂತ್ರ ಇದೆ ಎಂದ ಕೂಡಲೇ ಎಲ್ಲರಿಗೂ ಹೊಳೆಯುವುದು ಗೋದಾಮು: ಧಾರವಾಡ ತನ್ನ ಫೈಲುಗಳನ್ನು ಅಲ್ಲಿ ಇಡಲಿ, ಮೈಸೂರು ಅಲ್ಲಿಂದ ತೆಗೆದುಕೊಳ್ಳಲಿ. ನನಗೂ ಹಾಗೆಯೇ ಹೊಳೆಯಿತು. ಇದಕ್ಕೆ ಇನ್ನೊಂದು ಕುಮ್ಮಕ್ಕೂ ಇತ್ತು. ಫೈಲುಗಳನ್ನು ಹೊಂದಿಸಲು ಲಿನಕ್ಸ್ ಲೋಕ ಬಳಸುವ ಆರ್‌ಸಿಂಕ್ ಎಂಬ ತಂತ್ರಾಂಶಕ್ಕೆ ಒಂದು ಹಟ ಇದೆ: ಕೊಡುವವರು, ಪಡೆಯುವವರು ಇಬ್ಬರೂ ದೂರದವರಾಗಿರುವಂತಿಲ್ಲ, ಒಬ್ಬರಾದರೂ ಅದು ಓಡುತ್ತಿರುವ ಯಂತ್ರದಲ್ಲಿಯೇ ಇರಬೇಕು. ನಡುವಿನ ಯಂತ್ರದಲ್ಲಿ ಕುಳಿತು 'ಧಾರವಾಡದ್ದನ್ನು ಮೈಸೂರಿಗೆ ಹಾಕು' ಎಂದರೆ ಅದು ಒಂದೇ ಸಾಲಿನಲ್ಲಿ ಬೈದು ನಿಲ್ಲುತ್ತದೆ. ಸರಿ, ಹಾಗಾದರೆ ಮೊದಲು ಇಲ್ಲಿಗೆ ತಂದುಕೊಳ್ಳೋಣ, ಆಮೇಲೆ ಅಲ್ಲಿಗೆ ಕಳಿಸೋಣ ಎಂದುಕೊಂಡೆ.

ಗೋದಾಮು ಎಂದ ಮೇಲೆ ಜಾಗ ಬೇಕು. ನಮ್ಮಲ್ಲಿದ್ದದ್ದು ಎರಡು ಟಿಬಿ. ಚಿಕ್ಕ ಯಂತ್ರಕ್ಕೆ ಎರಡು ಟಿಬಿ ಡಿಸ್ಕ್ ಅಂಟಿಸಿದರೆ ಬಾಡಿಗೆಯಲ್ಲಿ ಯಂತ್ರದ ಪಾಲು ಕಾಲು, ಡಿಸ್ಕಿನ ಪಾಲು ಮುಕ್ಕಾಲು. ಹಣಕ್ಕಿಂತ ಕಾಡಿದ್ದು ಇನ್ನೊಂದು. ಇಂಟರ್ನೆಟ್ಟಿಗೆ ಮುಖ ತೆರೆದುಕೊಂಡ ಯಂತ್ರ ಅದು. ಅದನ್ನು ಎಬ್ಬಿಸಿ ಅರ್ಧ ಗಂಟೆಯೊಳಗೆ ಲಾಗ್, ಅಂದರೆ ಬಂದು ಹೋದವರ ದಾಖಲೆ, ತೆಗೆದು ನೋಡಿ, ಯಾರ್ಯಾರೋ ಅಡ್ಮಿನ್, ರೂಟ್, ಟೆಸ್ಟ್ ಎಂಬ ಹೆಸರುಗಳಲ್ಲಿ ಬಾಗಿಲು ಬಡಿಯುತ್ತಿರುತ್ತಾರೆ. ಊರ ಬಸ್ ನಿಲ್ದಾಣದ ಬೆಂಚಿನ ಮೇಲೆ ಸಂದೂಕ ಇಟ್ಟು ಬಂದಂತೆ. ಎರಡೂ ಮನೆಗಳ ಕೀಲಿಗಳೂ ಅದೇ ಸಂದೂಕದಲ್ಲಿ! ಏಕೆಂದರೆ ನಡುವಿನ ಯಂತ್ರವೇ (ಊರಿನ ಯಂತ್ರಗಳು ಮಾಡಿದ ಕರೆಯಲ್ಲಿಯೇ, ಮುಂದೆ ಹೇಳುವ ರೀತಿಯಲ್ಲಿ) ಎರಡೂ ಕಡೆ ಹೋಗಿ ತರುವುದಾದರೆ ಎರಡೂ ಕಡೆಯ ಕೀಲಿ ಅದರ ಬಳಿ ಇರಲೇಬೇಕು.

ಮೂರು ವಾರದಲ್ಲಿ ಆ ವ್ಯವಸ್ಥೆಯನ್ನು ಕಿತ್ತುಹಾಕಿದೆ. ಆಗ ನಾನು ಕಲಿತದ್ದನ್ನು ಇಂದಿಗೂ ಬಿಟ್ಟಿಲ್ಲ: ನಡುವಿನ ಯಂತ್ರಕ್ಕೆ ಎಷ್ಟು ಕಡಿಮೆ ಗೊತ್ತಿರುತ್ತದೆಯೋ ಅಷ್ಟು ಒಳ್ಳೆಯದು. ಅದು ಗೋದಾಮಾಗಬಾರದು, ದಾರಿಯಾಗಬೇಕು.

ದಾರಿ ಮಾಡುವುದು ಹೀಗೆ. ಎಸ್‌ಎಸ್‌ಎಚ್ ಎಂಬುದನ್ನು ನಿಮ್ಮಲ್ಲಿ ಕೆಲವರು ಬಳಸಿರುತ್ತೀರಿ. 1995ರಲ್ಲಿ ಫಿನ್‌ಲೆಂಡಿನ ಟಾಟು ಉಲೋನೆನ್ ಎಂಬಾತ ತಮ್ಮ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡುಗಳನ್ನು ಕದ್ದು ಕೇಳಿದ ಮೇಲೆ ಬರೆದದ್ದು. ದೂರದ ಯಂತ್ರಕ್ಕೆ ಗುಟ್ಟಾಗಿ ಪ್ರವೇಶಿಸಲು ಎಂದೇ ಎಲ್ಲರೂ ಅದನ್ನು ತಿಳಿದಿದ್ದಾರೆ. ಅದರ ಹೊಟ್ಟೆಯಲ್ಲಿ ಇನ್ನೊಂದು ವಿದ್ಯೆ ಇದೆ, ತಿರುಗು ಸುರಂಗ. (ಯಂತ್ರದ ಒಳಗೆ ಬರುವ, ನಂಬರು ಹಾಕಿದ ದಾರಿಗಳನ್ನು, ಅಂದರೆ ಪೋರ್ಟುಗಳನ್ನು, ನಾನು ಬಾಗಿಲು ಎನ್ನುತ್ತೇನೆ.) ಧಾರವಾಡದ ಯಂತ್ರ ಮುಂಬೈಗೆ ಕರೆ ಮಾಡಿ, ಫೋನಿಡದೆ ಹೇಳುತ್ತದೆ: 'ನಿನ್ನ 2201ನೇ ಬಾಗಿಲಿಗೆ ಯಾರಾದರೂ ಬಂದರೆ ಅವರನ್ನು ಇದೇ ತಂತಿಯಲ್ಲಿ ನನ್ನ 22ನೇ ಬಾಗಿಲಿಗೆ ಕಳಿಸು.' ಮೈಸೂರಿನದೂ ಹಾಗೆಯೇ ಕರೆ ಮಾಡಿ 2202ನ್ನು ಕೇಳಿಕೊಳ್ಳುತ್ತದೆ. ಈ ಎರಡು ಬಾಗಿಲುಗಳು ಹೊರಗಿನ ಬೀದಿಗೆ ತೆರೆಯುವುದಿಲ್ಲ, ನಡುವಿನ ಯಂತ್ರದ ಒಳ ಅಂಗಳಕ್ಕೆ ಮಾತ್ರ. ಎಸ್‌ಎಸ್‌ಎಚ್ ತಾನಾಗಿಯೇ ಹಾಗೆ ಇಡುತ್ತದೆ, ಅದನ್ನು ಬದಲಿಸಲು ಹೋಗಬೇಡಿ.

ಮೈಸೂರಿಗೆ ಸ್ಕ್ಯಾನ್ ಬೇಕಾದಾಗ ಅದು ಮುಂಬೈಯನ್ನು ಮೆಟ್ಟಿಲಾಗಿ ಬಳಸಿ 2201ರ ಮೂಲಕ ಧಾರವಾಡವನ್ನು ತಲುಪುತ್ತದೆ. ಈಗ ಸೂಕ್ಷ್ಮ ನೋಡಿ. ಮೈಸೂರು ಮತ್ತು ಧಾರವಾಡದ ನಡುವಿನ ಗುಟ್ಟಿನ ಮಾತು ಅವರಿಬ್ಬರದೇ. ಅದು ಮುಂಬೈಯ ಮೂಲಕ ಹಾದುಹೋಗುತ್ತದೆ, ಆದರೆ ಮುಂಬೈಗೆ ಅರ್ಥವಾಗುವುದಿಲ್ಲ. ಲಕೋಟೆಯೊಳಗೆ ಲಕೋಟೆ ಇದ್ದಂತೆ. ಮುಂಬೈ ಒಡೆಯಬಲ್ಲದ್ದು ಹೊರಗಿನದನ್ನು ಮಾತ್ರ. ಅದರ ಡಿಸ್ಕಿನಲ್ಲಿ ಒಂದು ಪುಟವೂ ಉಳಿಯುವುದಿಲ್ಲ. ಎರಡು ಊರಿನ ಯಾವ ಕೀಲಿಯೂ ಅದರ ಬಳಿ ಇಲ್ಲ. ಎರಡು ಊರಿನವರು ಅದನ್ನು ಪ್ರವೇಶಿಸುವ ಖಾತೆಗೂ ಆದೇಶ ಕೊಡುವ ಅಧಿಕಾರವಿಲ್ಲ. ಧಾರವಾಡದ ಕೀಲಿ 2201ನ್ನು ತೆರೆಯಬಹುದು, 2202ಕ್ಕೆ ಹೋಗಬಹುದು, ಮುಗಿಯಿತು. ಮೈಸೂರಿನದು ಅದರ ತಿರುಗು ಮುರುಗು. ಇದನ್ನೆಲ್ಲ ಅನುಮತಿ ಪಟ್ಟಿಯಲ್ಲಿ ಕೀಲಿಗೆ ಮೊದಲೇ ಅದೇ ಸಾಲಿನಲ್ಲಿ ಬರೆಯಬಹುದು.

ಕಾಗದದ ಮೇಲೆ ಇದು ಅರ್ಧ ದಿನದ ಕೆಲಸ. ನನಗೆ ಒಂದು ತಿಂಗಳು ನಿದ್ದೆ ಕೆಡಿಸಿದ್ದು ಸುರಂಗ ಕಟ್ಟುವುದಲ್ಲ, ಅದು ಸತ್ತದ್ದನ್ನು ಕಂಡುಹಿಡಿಯುವುದು. ಧಾರವಾಡದಲ್ಲಿ ಕರೆಂಟ್ ಹೋಗುತ್ತದೆ. ಯಂತ್ರ ವಿದಾಯ ಹೇಳದೆ ಆರಿಹೋಗುತ್ತದೆ. ಮುಂಬೈಗೆ ಅದು ಗೊತ್ತಾಗುವುದಿಲ್ಲ. ಆ ಕಡೆಯವರು ಸುಮ್ಮನಿದ್ದಾರೆ ಎಂದಷ್ಟೇ ತಿಳಿದು 2201ನ್ನು ಹಿಡಿದುಕೊಂಡೇ ಇರುತ್ತದೆ. ಕರೆಂಟ್ ಬಂದು ಧಾರವಾಡ ಮತ್ತೆ ಕರೆ ಮಾಡಿ 2201 ಕೇಳಿದರೆ, 'ಅದು ಕೊಟ್ಟಾಗಿದೆ' ಎನ್ನುತ್ತದೆ. ಯಾರಿಗೆ? ಅವನಿಗೇ, ಸತ್ತ ಅವನಿಗೆ. ಇದಕ್ಕಿಂತ ಕೇಡಿನದು ಮುಂದಿದೆ: ಬಾಗಿಲು ಸಿಗದಿದ್ದರೂ ಎಸ್‌ಎಸ್‌ಎಚ್ ಫೋನಿಡುವುದಿಲ್ಲ. ಸಂಪರ್ಕ ಇದೆ, ದಾರಿ ಇಲ್ಲ. ಹೊರಗಿನಿಂದ ನೋಡಿದರೆ ಎಲ್ಲ ಹಸಿರು.

ಔಷಧ ಮೂರು ಸಾಲಿನದು. ಮೂವತ್ತು ಸೆಕೆಂಡಿಗೊಮ್ಮೆ 'ಇದ್ದೀಯಾ' ಎಂದು ಕೇಳು, ಮೂರು ಸಲ ಉತ್ತರ ಬರದಿದ್ದರೆ ಕಡಿದುಹಾಕು ಎಂದು ಹೇಳಬೇಕು. ಇದನ್ನು ಊರಿನ ಯಂತ್ರಕ್ಕೆ ಮಾತ್ರವಲ್ಲ, ಮುಂಬೈಗೂ ಹೇಳಬೇಕು. ನಾನು ಮರೆತಿದ್ದು ಅದನ್ನೇ. ಮೂರನೆಯದು, ಬಾಗಿಲು ಸಿಗದಿದ್ದರೆ ಕೂಡಲೇ ಫೋನಿಡು ಎಂಬ ಸೂಚನೆ. ಫೋನಿಟ್ಟ ಮೇಲೆ ಹತ್ತು ಸೆಕೆಂಡ್ ಬಿಟ್ಟು ಮತ್ತೆ ಪ್ರಯತ್ನಿಸುವ ಕೆಲಸವನ್ನು ಹಿನ್ನೆಲೆಯ ಕೆಲಸಗಳನ್ನು ನೋಡಿಕೊಳ್ಳುವ ಲಿನಕ್ಸಿನ ಸಿಸ್ಟಂ-ಡಿ ಎಂಬ ಕಾರ್ಯಕ್ರಮಕ್ಕೆ ಒಪ್ಪಿಸಿ. ಈಗ ಕರೆಂಟ್ ಬಂದು ಎರಡು ನಿಮಿಷದೊಳಗೆ ದಾರಿ ತೆರೆದುಕೊಳ್ಳುತ್ತದೆ.

ದಾರಿಯ ಕತೆ ಇಷ್ಟು. ಅದರ ಮೇಲೆ ಓಡುವ ಆರ್‌ಸಿಂಕ್ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಯಾಕೆಂದರೆ ಅದು ನನ್ನ ಅಚ್ಚುಮೆಚ್ಚಿನದು. 1996ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಸ್ ಎಂಬಿಬ್ಬರು ಅದನ್ನು ಬರೆದರು. ಅವರ ಮುಂದಿದ್ದ ಪ್ರಶ್ನೆ ಬಹಳ ಚೆಂದದ್ದು. ನನ್ನ ಬಳಿ ಒಂದು ಫೈಲಿನ ಹೊಸ ರೂಪ ಇದೆ, ನಿಮ್ಮ ಬಳಿ ಹಳೆಯದು ಇದೆ. ಎರಡನ್ನೂ ಒಂದೇ ಕಡೆ ಇಟ್ಟುಕೊಂಡರೆ ವ್ಯತ್ಯಾಸ ಹುಡುಕುವುದು ಮಕ್ಕಳ ಆಟ. ಆದರೆ ಒಂದೇ ಕಡೆ ಇಡಲು ಕಳಿಸಬೇಕು, ಕಳಿಸುವುದನ್ನು ತಪ್ಪಿಸಲೆಂದೇ ತಾನೆ ವ್ಯತ್ಯಾಸ ಹುಡುಕುತ್ತಿರುವುದು? ಒಬ್ಬರ ಪ್ರತಿಯನ್ನು ಇನ್ನೊಬ್ಬರು ನೋಡದೆ ವ್ಯತ್ಯಾಸ ಹೇಳುವುದು ಹೇಗೆ?

ಹಳೆಯದನ್ನು ಇಟ್ಟುಕೊಂಡವರು ಅದನ್ನು ತುಂಡುಗಳಾಗಿ ವಿಭಜಿಸುತ್ತಾರೆ. ತುಂಡಿನ ಅಳತೆ ಫೈಲಿನ ಗಾತ್ರದ ವರ್ಗಮೂಲದಷ್ಟು. ನಮ್ಮ 26 ಎಂಬಿಯ ಪುಟಕ್ಕೆ ಸುಮಾರು 5100 ಬೈಟಿನ 5100 ತುಂಡುಗಳು. ಪ್ರತಿ ತುಂಡಿಗೂ ಎರಡು ಮೊತ್ತ ಹಾಕುತ್ತಾರೆ, ಒಂದು ಸರಸರನೆ ಹಾಕುವ ಕಚ್ಚಾ ಮೊತ್ತ, ಇನ್ನೊಂದು ನಿಧಾನದ, ಮೋಸಹೋಗದ ಪಕ್ಕಾ ಮೊತ್ತ. ತುಂಡುಗಳನ್ನಲ್ಲ, ಮೊತ್ತಗಳ ಪಟ್ಟಿಯನ್ನು ಮಾತ್ರ ಆ ಕಡೆಗೆ ಕಳಿಸುತ್ತಾರೆ. ಹೊಸದನ್ನು ಇಟ್ಟುಕೊಂಡವರು ತಮ್ಮ ಫೈಲಿನ ಮೇಲೆ ಅಷ್ಟೇ ಅಗಲದ ಒಂದು ಕಿಟಕಿಯನ್ನು ಒಂದೊಂದೇ ಬೈಟಿನಂತೆ ಸರಿಸುತ್ತ, ಪ್ರತಿ ಹೆಜ್ಜೆಯಲ್ಲೂ ಈ ಕಚ್ಚಾ ಮೊತ್ತ ಪಟ್ಟಿಯಲ್ಲಿ ಇದೆಯೇ ಎಂದು ನೋಡುತ್ತಾರೆ. ಇದ್ದರೆ ಮಾತ್ರ ಪಕ್ಕಾ ಮೊತ್ತವನ್ನು ತಾಳೆ ನೋಡುತ್ತಾರೆ. ಅದೂ ಹೊಂದಿದರೆ 'ನಿಮ್ಮ ಇಷ್ಟನೆಯ ತುಂಡನ್ನೇ ಇಲ್ಲಿ ಹಾಕಿಕೊಳ್ಳಿ' ಎಂದರೆ ಸಾಕು. ಹೊಂದದ ಬೈಟುಗಳನ್ನು ಮಾತ್ರ ಕಳಿಸಬೇಕು.

ಪ್ರತಿ ಹೆಜ್ಜೆಗೂ 5100 ಬೈಟನ್ನು ಮತ್ತೆ ಕೂಡಿಸುತ್ತ ಕುಳಿತರೆ ಬೆಳಗಾಗುತ್ತದೆ ಎಂದು ನಿಮಗೆ ಅನ್ನಿಸಬಹುದು. ಜಾಣತನ ಇರುವುದೇ ಅಲ್ಲಿ. ಅಕ್ಕಿ ಅಂಗಡಿಯ ತಕ್ಕಡಿಯನ್ನು ನೆನೆಯಿರಿ. ತಟ್ಟೆಯಿಂದ ಒಂದು ಹಿಡಿ ತೆಗೆದು ಬೇರೆ ಒಂದು ಹಿಡಿ ಹಾಕಿದರೆ ತೂಕ ಎಷ್ಟೆಂದು ತಿಳಿಯಲು ಇಡೀ ತಟ್ಟೆಯನ್ನು ಬರಿದು ಮಾಡಿ ತೂಗುವುದಿಲ್ಲ. ತೆಗೆದದ್ದನ್ನು ಕಳೆದು ಹಾಕಿದ್ದನ್ನು ಕೂಡುತ್ತೀರಿ. ಕಚ್ಚಾ ಮೊತ್ತವನ್ನು ಅವರು ಹಾಗೆ ಕಳೆದು ಕೂಡಲು ಬರುವಂತೆಯೇ ರಚಿಸಿದರು. ಟ್ರಿಜೆಲ್ ತಮ್ಮ 1999ರ ಪಿಎಚ್‌ಡಿ ಪ್ರಬಂಧದಲ್ಲಿ ಇದನ್ನು ವಿಸ್ತಾರವಾಗಿ ಬರೆದಿದ್ದಾರೆ.

ಇದರ ರುಚಿ ನಮಗೆ ಹತ್ತಿದ್ದು ಎರಡು ಸಾವಿರ ಪುಟಗಳ ಫೈಲುಗಳ ಒಳಗೆ ಸಂಚಿಕೆಯ ವಿವರ ಸೇರಿಸಿದಾಗ. ಚಿತ್ರ ಹಾಗೆಯೇ ಇತ್ತು, ಅಂಚಿನಲ್ಲಿ ನೂರಿನ್ನೂರು ಬೈಟ್ ಹೊಸದು. ಪೂರ್ತಿ ಕಳಿಸಬೇಕಾಗಿದ್ದರೆ 52 ಜಿಬಿ, ಹನ್ನೊಂದೂವರೆ ಗಂಟೆ. ಅರ್ಧ ಗಂಟೆಯೊಳಗೆ ಮುಗಿಯಿತು. ಇದೇ ಪುಟಗಳನ್ನು ಜೆಪೆಗ್ ಮಾಡಿ ಇಟ್ಟು, ಬಣ್ಣ ತಿದ್ದಿ ಮತ್ತೆ ಉಳಿಸಿದ್ದರೆ ಈ ಜಾಣತನ ಏನೂ ನಡೆಯುತ್ತಿರಲಿಲ್ಲ. ಕುಗ್ಗಿಸಿದ ಫೈಲಿನಲ್ಲಿ ಒಂದು ಕಡೆ ಕೈಯಾಡಿಸಿದರೆ ಅಲ್ಲಿಂದ ಮುಂದಿನದೆಲ್ಲ ಬೇರೆಯಾಗಿಬಿಡುತ್ತದೆ.

ಅಂದ ಹಾಗೆ, ಆರ್‌ಸಿಂಕ್ ಎಲ್ಲ ಫೈಲುಗಳಿಗೂ ಇಷ್ಟು ಕಷ್ಟಪಡುವುದಿಲ್ಲ. ಹೆಸರು, ಗಾತ್ರ, ಕೊನೆಯ ಬಾರಿ ಬದಲಾದ ಸಮಯ ಮೂರೂ ಒಂದೇ ಇದ್ದರೆ ಫೈಲನ್ನು ತೆರೆದೂ ನೋಡದೆ ಮುಂದೆ ಹೋಗುತ್ತದೆ. ಈ ಮೂರರಲ್ಲಿ 'ಹೆಸರು' ಎಂಬುದನ್ನು ನೆನಪಿಡಿ, ಈಗ ಹದಿನೈದು ತಿಂಗಳಿಗೆ ಬರುತ್ತೇನೆ.

ಮೊದಲ ಪ್ರತಿಯನ್ನು ನಾವು ತಂತಿಯ ಮೇಲೆ ಕಳಿಸಲಿಲ್ಲ. ಎರಡು ಟಿಬಿಯನ್ನು 10 ಎಂಬಿಪಿಎಸ್‌ನಲ್ಲಿ ಕಳಿಸಲು ಹದಿನೆಂಟೂವರೆ ದಿನ, ಒಂದು ಕ್ಷಣವೂ ನಿಲ್ಲದಿದ್ದರೆ. ಧಾರವಾಡದಿಂದ ಮೈಸೂರಿಗೆ ಬಸ್ಸು ರಾತ್ರಿ ಹತ್ತಿದರೆ ಬೆಳಿಗ್ಗೆ ಇಳಿಸುತ್ತದೆ. ಗೆಳೆಯರೊಬ್ಬರು ತಮ್ಮ ಮ್ಯಾಕ್ ಜೊತೆಗೆ ಬಳಸುತ್ತಿದ್ದ ಹಳೆಯ ಹಾರ್ಡ್ ಡಿಸ್ಕಿಗೆ ಎಲ್ಲವನ್ನೂ ತುಂಬಿಕೊಂಡು ಬಂದರು, ಸಮಯಗಳನ್ನೂ ಜೋಪಾನವಾಗಿ ಉಳಿಸಿಕೊಂಡು. ಮೈಸೂರಿನ ಯಂತ್ರಕ್ಕೆ ಇಳಿಸಿ, ಇನ್ನು ಹೊಸತು ಮಾತ್ರ ಬರಲಿ ಎಂದು ಆರ್‌ಸಿಂಕ್ ಹಚ್ಚಿ ಮನೆಗೆ ಹೋದೆ. ಮೂರು ದಿನವಾದರೂ ಅದು ಓಡುತ್ತಲೇ ಇತ್ತು. ಹೊಸ ಸ್ಕ್ಯಾನ್ ಒಂದೂ ಇರಲಿಲ್ಲ. ಆಗ ತೆರೆದದ್ದು ಆ 1958.

ನಮ್ಮ ಫೋಲ್ಡರುಗಳ ಕ್ರಮ ಹೀಗಿತ್ತು: ಪತ್ರಿಕೆಗೊಂದು ಸಂಖ್ಯೆ, ಅದರೊಳಗೆ ವರ್ಷ, ವರ್ಷದೊಳಗೆ ತಿಂಗಳು. ತಿಂಗಳ ಹೆಸರು ಕನ್ನಡದಲ್ಲಿಯೇ ಇರಬೇಕೆಂದು ಹಟ ಹಿಡಿದವನು ನಾನೇ. ಹನ್ನೆರಡು ಹೆಸರುಗಳನ್ನು ಒಂದು ಕಾಗದದ ಮೇಲೆ ಬರೆದು ದಿಟ್ಟಿಸುತ್ತ ಕುಳಿತೆ. ಮೇ, ಜುಲೈ, ಅಕ್ಟೋಬರ್. ಈ ಮೂರಕ್ಕೆ ಇರುವ, ಉಳಿದ ಒಂಬತ್ತಕ್ಕೆ ಇಲ್ಲದ ಗುಣ ಯಾವುದು? ನೀವೂ ಒಂದು ಕ್ಷಣ ಯೋಚಿಸಿ.

(ಸಭೆಯಲ್ಲಿ ಹಿಂದಿನ ಸಾಲಿನ ನಿವೃತ್ತ ಕನ್ನಡ ಮೇಷ್ಟ್ರು ಒಬ್ಬರು 'ಸ್ವರಚಿಹ್ನೆ' ಎಂದರು. ಅವರಿಗೆ ನನ್ನ ನಮಸ್ಕಾರ.)

ಏತ್ವ, ಐತ್ವ, ಓತ್ವ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡಿನಲ್ಲಿ ಈ ಚಿಹ್ನೆಗಳನ್ನು ಎರಡು ರೀತಿಯಲ್ಲಿ ಬರೆಯಬಹುದು. 'ಮೇ' ಎಂಬಲ್ಲಿನ ಏತ್ವಕ್ಕೆ ಒಂದೇ ಸಂಕೇತ ಉಂಟು. ಅಥವಾ ಹ್ರಸ್ವ ಎತ್ವ ಮತ್ತು ದೀರ್ಘದ ಗುರುತು ಎಂದು ಎರಡು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. 'ಲೈ'ನ ಐತ್ವವೂ ಎರಡಾಗಿ ಬಿಡಿಸಿಕೊಳ್ಳುತ್ತದೆ. 'ಟೋ'ನ ಓತ್ವ ಮೂರಾಗುತ್ತದೆ: ಎತ್ವ, ಕೊಂಬಿನ ದೀರ್ಘ, ಮೇಲೆ ದೀರ್ಘದ ಗುರುತು. ಸ್ಲೇಟಿನ ಮೇಲೆ ನಾವು ಬರೆಯಲು ಕಲಿತದ್ದೂ ಹೀಗೆ ಒಂದೊಂದೇ ಅಂಗವಾಗಿ ಅಲ್ಲವೇ! ದೀರ್ಘ ಈ ಮತ್ತು ಹ್ರಸ್ವ ಒತ್ವಕ್ಕೂ ಇದೇ ಸ್ವಭಾವ, ಆದರೆ ತಿಂಗಳ ಹೆಸರುಗಳಲ್ಲಿ ಅವು ಬರುವುದಿಲ್ಲ. ಏಪ್ರಿಲ್‌ನಲ್ಲಿರುವುದು ಚಿಹ್ನೆಯಲ್ಲ, ಪೂರ್ಣ ಸ್ವರ, ಅದು ಪಾರು. ಸೆಪ್ಟೆಂಬರಿನಲ್ಲಿ ಇರುವುದು ಬರಿಯ ಎತ್ವ, ಅದೂ ಪಾರು.

ಧಾರವಾಡದ ಲಿನಕ್ಸ್ ಯಂತ್ರದಲ್ಲಿ ಕೀಲಿಮಣೆಯಿಂದ ಟೈಪ್ ಮಾಡಿದಾಗ ಕೂಡಿಸಿದ ರೂಪ ಬಂದಿತ್ತು. ಮ್ಯಾಕ್‌ನ ಹಳೆಯ ಫೈಲ್ ವ್ಯವಸ್ಥೆ ಮಾತ್ರ ಯಾವ ಹೆಸರು ಬಂದರೂ ಬಿಡಿಸಿಯೇ ಬರೆದಿಡುತ್ತದೆ. ಬಸ್ಸಿನಲ್ಲಿ ಬಂದ ಡಿಸ್ಕಿನಲ್ಲಿದ್ದದ್ದು ಅದೇ ವ್ಯವಸ್ಥೆ. ಲಿನಕ್ಸಿಗೆ ಹೆಸರು ಎಂದರೆ ಬೈಟುಗಳ ಸಾಲು, ಅಷ್ಟೇ. ಕಣ್ಣಿಗೆ ಒಂದೇ ಆದರೂ ಅದಕ್ಕೆ ಎರಡು. 'ಮೇ ಇಲ್ಲವಲ್ಲ' ಎಂದುಕೊಂಡು ಆರ್‌ಸಿಂಕ್ ಎಲ್ಲ ಪತ್ರಿಕೆಗಳ ಎಲ್ಲ ವರ್ಷಗಳ ಮೇ, ಜುಲೈ, ಅಕ್ಟೋಬರುಗಳನ್ನು ನಿಷ್ಠೆಯಿಂದ ಮತ್ತೆ ತರುತ್ತಿತ್ತು. ವರ್ಷದ ಕಾಲು ಭಾಗ, ಅಂದರೆ ಅರ್ಧ ಟಿಬಿ. ಪಾಪ, ಅದರದೇನೂ ತಪ್ಪಿಲ್ಲ. ನಿಜವಾಗಿ ಏನನ್ನೂ ಮುಟ್ಟದೆ ಏನೇನು ಮಾಡುತ್ತೇನೆಂದು ಪಟ್ಟಿ ಕೊಡುವ ತಾಲೀಮಿನ ಆಯ್ಕೆಯೊಂದು ಅದರಲ್ಲಿ ಇದೆ. ಮೊದಲು ತಾಲೀಮು ಮಾಡಿಸಿದ್ದರೆ ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತಿತ್ತು. ಮಾಡಿಸಲಿಲ್ಲ.

ಹೆಸರುಗಳನ್ನೆಲ್ಲ ಕೂಡಿಸಿದ ರೂಪಕ್ಕೆ ತರುವ ಕಾನ್ವ್‌ಎಂವಿ ಎಂಬ ಪುಟ್ಟ ಉಪಕರಣ ಇದೆ. ಆ ಮೂರು ದಿನದಲ್ಲಿ ಎರಡನೆಯ ಸಲ ಬಂದಿದ್ದನ್ನು ಅಳಿಸಿ, ಮೊದಲಿನದಕ್ಕೆ ಅದನ್ನು ಓಡಿಸಿದೆ. ಮ್ಯಾಕ್ ನೇರವಾಗಿ ಪಾಲ್ಗೊಳ್ಳುವುದಾದರೆ ಹೆಸರನ್ನು ದಾರಿಯಲ್ಲಿಯೇ ಪರಿವರ್ತಿಸುವ ಆಯ್ಕೆ ಆರ್‌ಸಿಂಕಿನಲ್ಲಿಯೇ ಉಂಟು. 'ತಿಂಗಳನ್ನು ಇಂಗ್ಲಿಷಿನಲ್ಲಿ ಬರೆದಿದ್ದರೆ ಈ ತಲೆನೋವು ಬರುತ್ತಿತ್ತೇ' ಎಂದು ಕೆಲವರು ಕೇಳಿದರು. ಫ್ರೆಂಚರಿಗೂ ಜರ್ಮನರಿಗೂ ತಮ್ಮ ಚುಕ್ಕೆ ಗೆರೆಗಳ ಅಕ್ಷರಗಳಲ್ಲಿ ಇದೇ ತಲೆನೋವು ಇದೆ, ಅವರೇನೂ ತಮ್ಮ ತಿಂಗಳುಗಳನ್ನು ಬಿಟ್ಟುಕೊಟ್ಟಿಲ್ಲ. ನಮ್ಮಲ್ಲಿ ತಿಂಗಳು ಇನ್ನೂ ಕನ್ನಡದಲ್ಲಿಯೇ ಇವೆ.

ಇನ್ನೆರಡು ಸಂಗತಿ ಇದೇ ಜಾತಿಯವು. 'ರಾಜ್‌ಕುಮಾರ್' ಎಂದು ಬರೆಯುವಾಗ ಜಕಾರದ ನಂತರ ಕಣ್ಣಿಗೆ ಕಾಣದ ಒಂದು ತಡೆ ಅಕ್ಷರ ಇರುತ್ತದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಹಾಕದೆ ಬರೆದರೆ ಎರಡು ಫೈಲು, ಇದಕ್ಕೆ ಯಾವ ಕಾನ್ವ್‌ಎಂವಿಯೂ ನೆರವಾಗದು. ಇನ್ನು, ಲಿನಕ್ಸಿನಲ್ಲಿ ಹೆಸರಿನ ಮಿತಿ 255 ಬೈಟ್. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು, ಆದ್ದರಿಂದ ನಮಗೆ ಸಿಗುವುದು 85 ಸಂಕೇತ. ವಿಂಡೋಸಿನಲ್ಲಿ ಲೇಖನದ ಪೂರ್ಣ ಶೀರ್ಷಿಕೆಯನ್ನೇ ಫೈಲಿನ ಹೆಸರಾಗಿಸುವ ಉತ್ಸಾಹಿಗಳು ಇದನ್ನು ಗಮನಿಸಬೇಕು.

ಇಷ್ಟೆಲ್ಲ ಆದ ಮೇಲೆ ನಾನು ಜಾಣನಾದೆ ಎಂದುಕೊಂಡೆ. ಎರಡು ಕಡೆ ಒಂದೇ ಇರಬೇಕಾದರೆ ಅಲ್ಲಿ ಅಳಿಸಿದ್ದು ಇಲ್ಲಿಯೂ ಅಳಿಯಬೇಕಲ್ಲವೇ? ಅಳಿಸುವ ಆಯ್ಕೆಯನ್ನು ಹಚ್ಚಿದೆ. ಒಂದು ರಾತ್ರಿ ಧಾರವಾಡದಲ್ಲಿ ಕರೆಂಟ್ ಹೋಗಿ ಬಂತು. ಯಂತ್ರ ಎದ್ದಿತು, ಸುರಂಗವೂ ಎದ್ದಿತು, ಸ್ಕ್ಯಾನುಗಳಿದ್ದ ಹೊರಗಿನ ಡಿಸ್ಕ್ ಮಾತ್ರ ಏಳಲಿಲ್ಲ. ಡಿಸ್ಕ್ ಜೋಡಿಸಿಕೊಳ್ಳಬೇಕಾದ ಜಾಗದಲ್ಲಿ ಖಾಲಿ ಫೋಲ್ಡರ್ ಇತ್ತು. ರಾತ್ರಿ ಒಂದು ಗಂಟೆಗೆ ಮೈಸೂರು ಹೋಗಿ ನೋಡಿತು. ಅಲ್ಲಿ ಏನೂ ಇಲ್ಲ. ಸರಿ, ಇಲ್ಲಿಯೂ ಏನೂ ಇರಬಾರದು ಎಂದು ತೀರ್ಮಾನಿಸಿತು. ಓದಲು ತೊಂದರೆಯಾದರೆ ಆರ್‌ಸಿಂಕ್ ತಾನಾಗಿಯೇ ಅಳಿಸುವುದನ್ನು ನಿಲ್ಲಿಸುತ್ತದೆ, ಆದರೆ ಖಾಲಿ ಫೋಲ್ಡರನ್ನು ಓದಲು ಏನು ತೊಂದರೆ?

ಧಾರವಾಡದ ಡಿಸ್ಕ್ ಸುರಕ್ಷಿತವಾಗಿತ್ತು, ನಷ್ಟವೇನೂ ಆಗಲಿಲ್ಲ. ಮತ್ತೆ ಬಸ್ಸು. ಈ ಸಲ ಲಿನಕ್ಸ್ ವ್ಯವಸ್ಥೆಯ ಡಿಸ್ಕ್, ನಾನೇ ಹೋಗಿ ತಂದೆ.

ಈಗ ಮೂರು ತಡೆಗಳಿವೆ. ಸ್ಕ್ಯಾನ್ ಡಿಸ್ಕಿನಲ್ಲಿ, ಯಾವ ಫೋಲ್ಡರಿನ ಒಳಗೂ ಅಲ್ಲದೆ ಎಲ್ಲಕ್ಕೂ ಮೇಲೆ, 'ಸಾಕ್ಷಿ' ಎಂಬ ಪುಟ್ಟ ಫೈಲ್ ಇದೆ. ಮೊದಲು ಅದೊಂದನ್ನು ತರಲು ಪ್ರಯತ್ನಿಸಿ, ಸಿಗದಿದ್ದರೆ ಉಳಿದದ್ದಕ್ಕೆ ಕೈಹಾಕದೆ ನನಗೆ ಸಂದೇಶ ಕಳಿಸುತ್ತದೆ. ಒಂದು ಬಾರಿಗೆ ಐವತ್ತಕ್ಕಿಂತ ಹೆಚ್ಚು ಫೈಲುಗಳನ್ನು ಅಳಿಸುವಂತಿಲ್ಲ. ಅದಕ್ಕಿಂತ ಹೆಚ್ಚು ಅಳಿಸಬೇಕಾಗಿ ಬಂದರೆ ಆರ್‌ಸಿಂಕ್ 25 ಎಂಬ ಸಂಕೇತ ಬಿಟ್ಟು ಹೋಗುತ್ತದೆ. ಅಳಿಸಿದ್ದು, ಬದಲಾದದ್ದು ಎಲ್ಲವೂ ಆ ದಿನದ ತಾರೀಖಿನ ಫೋಲ್ಡರಿಗೆ ಹೋಗಿ ಮೂರು ತಿಂಗಳು ಇರುತ್ತದೆ. ಎರಡು ಕಡೆ ಹೊಂದಿಸಿಡುವುದನ್ನು ಬ್ಯಾಕಪ್ ಎಂದು ತಿಳಿದವರು ದಯವಿಟ್ಟು ಈ ಕತೆಯನ್ನು ಇನ್ನೊಮ್ಮೆ ಕೇಳಿ. ಹೊಂದಿಸುವುದು ಎಂದರೆ ತಪ್ಪನ್ನೂ ಅಷ್ಟೇ ಚುರುಕಾಗಿ ಹೊಂದಿಸುವುದು.

ಯಾರು ಯಾರಿಗೆ ಕಳಿಸಬೇಕು ಎಂಬುದಕ್ಕೆ ನಮ್ಮದೊಂದು ನಿಯಮ. ಯಾರೂ ತಳ್ಳುವುದಿಲ್ಲ, ಬೇಕಾದವರು ಎಳೆದುಕೊಳ್ಳುತ್ತಾರೆ. ಮೈಸೂರಿನ ಬಳಿ ಇರುವ ಧಾರವಾಡದ ಕೀಲಿಯಿಂದ ಓದಲು ಮಾತ್ರ ಸಾಧ್ಯ, ಅದೂ ಸ್ಕ್ಯಾನ್ ಫೋಲ್ಡರನ್ನು ಮಾತ್ರ. ಇದಕ್ಕೆಂದೇ ಆರ್‌ಸಿಂಕಿನ ಜೊತೆಯಲ್ಲಿ ಒಂದು ಚಿಕ್ಕ ಕಾವಲು ಕಾರ್ಯಕ್ರಮ ಬರುತ್ತದೆ. ಧಾರವಾಡದ ಬಳಿ ಇರುವ ಮೈಸೂರಿನ ಕೀಲಿಯೂ ಹಾಗೆಯೇ, ಪಠ್ಯದ ಫೋಲ್ಡರಿಗೆ. ಪ್ರತಿ ಫೋಲ್ಡರಿಗೂ ಒಬ್ಬನೇ ಯಜಮಾನ. ಸ್ಕ್ಯಾನಿನಲ್ಲಿ ತಪ್ಪು ಕಂಡರೆ ಮೈಸೂರಿನವರು ತಿದ್ದುವುದಿಲ್ಲ, ಫೋನ್ ಮಾಡುತ್ತಾರೆ.

ಎರಡೂ ಕಡೆ ತಿದ್ದುವಂತಿರಬೇಕು ಎನ್ನುವವರಿಗೆ ಯೂನಿಸನ್ ಇದೆ, ಸಿಂಕ್‌ಥಿಂಗ್ ಇದೆ. ಒಂದೇ ಫೈಲನ್ನು ಇಬ್ಬರೂ ತಿದ್ದಿದರೆ ಯೂನಿಸನ್ ನಿಮ್ಮನ್ನು ಕೇಳುತ್ತದೆ, ಸಿಂಕ್‌ಥಿಂಗ್ ಒಂದರ ಹೆಸರಿಗೆ ಘರ್ಷಣೆ ಎಂಬ ಬಾಲ ಕಟ್ಟಿ ಎರಡನ್ನೂ ಇಡುತ್ತದೆ. ಎರಡೂ ಒಳ್ಳೆಯ ತಂತ್ರಾಂಶಗಳೇ. ನಾವು ನಾಲ್ಕು ತಿಂಗಳು ಬಳಸಿ ಬಿಟ್ಟೆವು, ಏಕೆಂದರೆ ಬಾಲ ಕಟ್ಟಿದ ಫೈಲುಗಳನ್ನು ಕೂತು ನೋಡುವವರು ಯಾರೂ ಇರಲಿಲ್ಲ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿನಿ, 'ಐಪಿವಿ6 ಎಂಬ ಹೊಸ ವಿಳಾಸ ಪದ್ಧತಿ ಬಂದ ಮೇಲೆ ಎಲ್ಲರಿಗೂ ವಿಳಾಸ ಸಿಗುತ್ತದೆಯಲ್ಲ ಸರ್, ನಡುವಿನ ಯಂತ್ರ ಯಾಕೆ' ಎಂದು ಕೇಳಿದರು. ಎರಡೂ ಕಡೆ ಅದು ಸಿಕ್ಕಿ, ಎರಡೂ ರೌಟರುಗಳು ಒಳಗೆ ಬಿಡಲು ಒಪ್ಪಿದರೆ ಬೇಕಾಗಿಲ್ಲ. ನಮ್ಮ ಮೈಸೂರಿನ ಸಂಪರ್ಕದಲ್ಲಿ ಇದೆ, ಧಾರವಾಡದ್ದರಲ್ಲಿ ಇನ್ನೂ ಇಲ್ಲ. ಬಂದ ದಿನ ಮುಂಬೈಯ ಬಾಡಿಗೆಯನ್ನು ಸಂತೋಷದಿಂದ ನಿಲ್ಲಿಸುತ್ತೇನೆ. ವೈರ್‌ಗಾರ್ಡ್ ಎಂಬ ಸುರಂಗ ತಂತ್ರಾಂಶದ ಬಗ್ಗೆಯೂ ಅವರೇ ಕೇಳಿದರು. ಅದು 2020ರಿಂದ ಲಿನಕ್ಸಿನ ಒಳಗೇ ಇದೆ, ಎಸ್‌ಎಸ್‌ಎಚ್ ಸುರಂಗಕ್ಕಿಂತ ಚೊಕ್ಕಟ. ಆದರೆ ಇಬ್ಬರೂ ಎಕ್ಸ್‌ಟೆನ್ಶನ್ ಫೋನಿನವರಾದರೆ ಅದನ್ನು ಒದಗಿಸಿಕೊಡಲೂ ಮೂರನೆಯವನೊಬ್ಬ ಬೇಕು.

ಇನ್ನೊಬ್ಬರು, ಬ್ಯಾಂಕಿನಲ್ಲಿದ್ದವರು, 'ಆ ಮುಂಬೈಯ ಯಂತ್ರವೇ ಕೆಟ್ಟುಹೋದರೆ?' ಎಂದರು.

ಹೋಗಿತ್ತು. ಕಳೆದ ಮಳೆಗಾಲದಲ್ಲಿ ಒಂದು ಭಾನುವಾರ ಅದು ಏಳಲೇ ಇಲ್ಲ. ರಿಪೇರಿಗೆ ಪ್ರಯತ್ನಿಸಲೂ ಇಲ್ಲ. ಅದನ್ನು ಅಳಿಸಿ ಹೊಸದೊಂದನ್ನು ಬಾಡಿಗೆಗೆ ತೆಗೆದುಕೊಂಡೆ. ಅದರಲ್ಲಿ ಇರಬೇಕಾದದ್ದು ಎರಡೂ ಊರಿನ ಕೀಲಿಗಳಿಗೆ ಅನುಮತಿ ಕೊಡುವ ಎರಡು ಸಾಲು (ಕೀಲಿಗಳಲ್ಲ, ಅವುಗಳ ಗುರುತು ಮಾತ್ರ), ಸಂರಚನೆಯ ನಾಲ್ಕಾರು ಸಾಲು. ಇಪ್ಪತ್ತು ನಿಮಿಷವಾಯಿತು. ಹೆಚ್ಚು ಹೊತ್ತು ಹಿಡಿದದ್ದು ಆಮೇಲಿನದಕ್ಕೆ. ಹೊಸ ಯಂತ್ರದ ಗುರುತು ಬೇರೆ, ಆದ್ದರಿಂದ ಎರಡೂ ಊರಿನ ಯಂತ್ರಗಳು ಯಾರೋ ಮೋಸ ಮಾಡುತ್ತಿದ್ದಾರೆಂದು ಕೂಗಿ ನಿಂತವು. ಕೂಗಬೇಕಾದದ್ದೇ. ಸುಮ್ಮನೆ 'ಹೌದು' ಎಂದು ಒತ್ತಿ ಮುಂದೆ ಹೋಗಬೇಡಿ ಎಂದು ಧಾರವಾಡದ ಗೆಳತಿಗೆ ಫೋನ್ ಮಾಡಿ ಹೇಳಿದೆ. ಗುರುತು 43 ಅಕ್ಷರ ಉದ್ದದ್ದು. ನಾನು ಇಲ್ಲಿ ಓದಿದೆ, ಅವರು ಅಲ್ಲಿ ಪರದೆಯ ಮೇಲೆ ಬೆರಳಿಟ್ಟುಕೊಂಡು ತಾಳೆ ನೋಡಿದರು. ದೊಡ್ಡ ಕೆ, ಚಿಕ್ಕ ಕ್ಯೂ, ಏಳು, ಚಿಕ್ಕ ಎಲ್. 'ಅದು ಎಲ್ ಅಲ್ಲ ರೀ, ದೊಡ್ಡ ಐ' ಎಂದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಅವರು ಹೇಳಿದ್ದೇ ಸರಿ.